ಕೂಸುಗಳ ಉಸಿರಿಗಾಗಿ ಬಾಳಿದ ಡಾ. ಡೊರೊಥಿ ಆಂಡರ್ಸನ್

ನಿದಾನ ಮತ್ತು ನಿಧಾನ ಎಂಬ ಎರಡು ಶಬ್ದಗಳನ್ನು ಪಾಠ ಹೇಳುವಾಗ ನಾನು ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯುವುದು ವಾಡಿಕೆ. ಅಲ್ಪಪ್ರಾಣ ದಕಾರವುಳ್ಳ ನಿದಾನವೆಂದರೆ ಮೂಲಕಾರಣ. ರೋಗದ ಮೂಲವನ್ನು ಅರಿಯುವ ಶಾಸ್ತ್ರಕ್ಕೂ ಅದೇ ಹೆಸರು. ಮಹಾಪ್ರಾಣ ಧಕಾರವುಳ್ಳ ನಿಧಾನಕ್ಕೆ ಇಂದಿನ ಬಳಕೆಯಲ್ಲಿ ತಾಳ್ಮೆ, ಸಾವಕಾಶ ಎಂಬ ಅರ್ಥ. ಹಳಗನ್ನಡದಲ್ಲಿ ನೆಲದೊಳಗೆ ಹುದುಗಿದ ನಿಧಿ ಎಂಬ ಅರ್ಥ. ಮಕ್ಕಳು ಒಂದಕ್ಕೆ ಇನ್ನೊಂದನ್ನು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಆದರೆ ಶಬ್ದಶಾಸ್ತ್ರದಲ್ಲಿ ಬೇರೆಯಾದ ಈ ಎರಡು ಪದಗಳು ಬಾಳಿನಲ್ಲಿ ಒಂದನ್ನೊಂದು ಬಿಟ್ಟಿರಲಾರವು ಎಂಬುದನ್ನು ನನಗೆ ಮನಗಾಣಿಸಿದ್ದು ವ್ಯಾಕರಣ ಗ್ರಂಥವಲ್ಲ, ದೂರದ ಅಮೆರಿಕೆಯಲ್ಲಿ ಬಾಳಿ 1963ರಲ್ಲಿ ಕಣ್ಮುಚ್ಚಿದ ಒಬ್ಬ ವೈದ್ಯೆಯ ಚರಿತ್ರೆ. ನಿಧಾನವಿಲ್ಲದೆ ನಿದಾನವಿಲ್ಲ ಎಂಬುದೇ ಆ ಚರಿತ್ರೆಯ ಸಾರ. ಆ ತಾಯಿಯ ಹೆಸರು ಡಾ. ಡೊರೊಥಿ ಹ್ಯಾನ್ಸೀನ್ ಆಂಡರ್ಸನ್. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಶಿಶುಮಾರಕ ವ್ಯಾಧಿಯನ್ನು ಇತರ ವ್ಯಾಧಿಗಳಿಂದ ಬಿಡಿಸಿ, ಅದರ ಪೂರ್ಣ ರೂಪವನ್ನು ಲೋಕದ ಮುಂದಿಟ್ಟ ಕೀರ್ತಿ ಅವರಿಗೆ ಸಲ್ಲುತ್ತದೆ.

ಅಮೆರಿಕೆಯ ವೈದ್ಯೆಯ ಕಥೆ ನಮ್ಮ ಸೀಮೆಯ ಸ್ಮರಣ ಸಂಚಿಕೆಗೆ ಏಕೆ ಎಂದು ವಾಚಕರು ಕೇಳಬಹುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲೂಕುಗಳ ಹಳ್ಳಿಗಳಲ್ಲಿ ಬೆಳೆದವರಿಗೆ ಒಂದು ಬಗೆಯ ಮಗುವಿನ ಪರಿಚಯ ಇದ್ದೇ ಇರುತ್ತದೆ. ಹಸಿವುಂಟು, ಮೈ ಹತ್ತದು. ಹೊಟ್ಟೆ ಡೊಳ್ಳು, ಕೈಕಾಲು ಕಡ್ಡಿ. ಮಳೆಗಾಲ ಬೇಸಿಗೆ ಎನ್ನದೆ ಕೆಮ್ಮು. ಅಜ್ಜಿಯಂದಿರು ದೃಷ್ಟಿ ತಗುಲಿತೆಂದರು, ನೀವಾಳಿಸಿದರು. ಹಳೆಯ ವೈದ್ಯಗ್ರಂಥಗಳು ಬಾಲಶೋಷವೆಂದವು. ನೆರೆಹೊರೆಯವರು ಕ್ಷಯವೆಂದು ದೂರ ಸರಿದರು. ಇಂಥ ಮಕ್ಕಳಲ್ಲಿ ಬಹುಪಾಲು ಮಂದಿಯ ತೊಂದರೆ ಅರೆಹೊಟ್ಟೆಯದೋ ಕ್ಷಯದ್ದೋ ಉಬ್ಬಸದ್ದೋ ಆಗಿರುತ್ತದೆ ಎಂಬುದು ನಿಜ. ಆದರೆ ಎಲ್ಲಕ್ಕೂ ಒಂದೇ ಹೆಸರು ಹಚ್ಚಿ ಸುಮ್ಮನಾದರೆ, ಆ ಹೆಸರಿನ ಮರೆಯಲ್ಲಿ ಬೇರೊಂದು ರೋಗ ಅಡಗಿ ಕುಳಿತು ಕೂಸುಗಳನ್ನು ಒಯ್ಯುತ್ತಿರುತ್ತದೆ. ಅಡಗಿದ್ದುದನ್ನು ಹೊರಗೆಳೆದ ಆಂಡರ್ಸನ್ ಅವರ ಬಾಳು ಆದುದರಿಂದಲೇ ನಮಗೂ ಸಲ್ಲತಕ್ಕದ್ದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಡೊರೊಥಿಯವರು 1901ನೆಯ ಇಸವಿ ಮೇ 15ರಂದು ಅಮೆರಿಕೆಯ ಉತ್ತರ ಕೆರೊಲಿನಾ ಸಂಸ್ಥಾನದ ಆಶ್‌ವಿಲ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಹ್ಯಾನ್ಸ್ ಪೀಟರ್ ಆಂಡರ್ಸನ್ ಡೆನ್ಮಾರ್ಕ್ ದೇಶದಿಂದ ವಲಸೆ ಬಂದವರು. ಯುವಕರ ಕ್ರೈಸ್ತ ಸಂಘದಲ್ಲಿ ಉದ್ಯೋಗದಲ್ಲಿದ್ದವರು. ತಾಯಿ ಮೇರಿ ಲೂಯಿಸ್ ಮೇಸನ್. ದಂಪತಿಗಳಿಗೆ ಈಕೆ ಒಬ್ಬಳೇ ಮಗಳು. 1914ರಲ್ಲಿ, ಮಗಳಿಗೆ ಹದಿಮೂರು ವರ್ಷ ತುಂಬುವ ಹೊತ್ತಿಗೆ, ತಂದೆ ತೀರಿಕೊಂಡರು. ತಾಯಿ ರೋಗಿಷ್ಠೆ. ಆಟಪಾಟಗಳ ವಯಸ್ಸಿನಲ್ಲಿ ಆ ಹುಡುಗಿ ತಾಯಿಯ ಶುಶ್ರೂಷೆಗೆ ನಿಲ್ಲಬೇಕಾಯಿತು. ತಾಯಿಮಗಳಿಬ್ಬರೂ ವರ್ಮಾಂಟ್ ಸಂಸ್ಥಾನದ ಸೇಂಟ್ ಜಾನ್ಸ್‌ಬರಿ ಎಂಬ ಊರಿಗೆ ಬಂದು ನೆಲೆಸಿದರು. 1920ರಲ್ಲಿ ತಾಯಿಯೂ ತೀರಿಕೊಂಡಾಗ ಡೊರೊಥಿಯವರಿಗೆ ಹತ್ತೊಂಬತ್ತು ವರ್ಷ. ಹತ್ತಿರದ ಬಂಧುಗಳೆಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ. ತಬ್ಬಲಿತನವು ಕೆಲವರನ್ನು ಮುರಿಯುತ್ತದೆ, ಕೆಲವರನ್ನು ಹದಗೊಳಿಸುತ್ತದೆ. ರೋಗಿಯ ಮಗ್ಗುಲಲ್ಲಿ ಎಳವೆಯನ್ನು ಕಳೆದ ಈ ತರುಣಿ ರೋಗಿಗಳ ಸೇವೆಯನ್ನೇ ಬಾಳಿನ ಕಾಯಕವಾಗಿ ವರಿಸಿದರು.

ಮಸಾಚುಸೆಟ್ಸ್ ಸಂಸ್ಥಾನದ ಮೌಂಟ್ ಹೋಲ್ಯೋಕ್ ಮಹಿಳಾ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರಗಳನ್ನು ಅಭ್ಯಸಿಸಿ 1922ರಲ್ಲಿ ಪದವೀಧರೆಯಾದ ಅವರು, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ವಿದ್ಯಾಲಯವನ್ನು ಸೇರಿದರು. ಸ್ತ್ರೀಯರಿಗೂ ಪುರುಷರಿಗೂ ಸಮಾನ ಪ್ರವೇಶವಿತ್ತ ವೈದ್ಯವಿದ್ಯಾಲಯಗಳು ಅಂದು ವಿರಳವಾಗಿದ್ದವು, ಹಾಪ್ಕಿನ್ಸ್ ಅಂಥವುಗಳಲ್ಲೊಂದು. ಅಲ್ಲಿ ಫ್ಲಾರೆನ್ಸ್ ಸೇಬಿನ್ ಎಂಬ ಪ್ರಸಿದ್ಧ ಅಂಗರಚನಾ ವಿದುಷಿಯ ಮಾರ್ಗದರ್ಶನ ಲಭಿಸಿತು. ವಿದ್ಯಾರ್ಥಿನಿಯಾಗಿರುವಾಗಲೇ ಡೊರೊಥಿಯವರು ಹಂದಿಯ ಜನನಾಂಗಗಳ ರಕ್ತನಾಳ, ದುಗ್ಧನಾಳಗಳ ವಿನ್ಯಾಸವನ್ನು ಕುರಿತು ಶೋಧಪ್ರಬಂಧಗಳನ್ನು ಪ್ರಕಟಿಸಿದರು. ಕೂದಲೆಳೆಯಂತಹ ನಾಳಗಳ ಜಾಡನ್ನು ಬೆನ್ನಟ್ಟುವ ಈ ಅಭ್ಯಾಸ ಮುಂದೆ ಅವರ ಮಹಾಸಾಧನೆಗೆ ಬುನಾದಿಯಾಯಿತು. ಗುರುವಿನಿಂದ ಶಿಷ್ಯೆಗೆ ದಾಟಿದ್ದು ಮಾಹಿತಿಗಿಂತ ಹೆಚ್ಚಾಗಿ ನೋಡುವ ಬಗೆ. ಅಧ್ಯಾಪಕ ಮಿತ್ರರು ಈ ಮಾತನ್ನು ಗಮನಿಸಬೇಕು. 1926ರಲ್ಲಿ ವೈದ್ಯಪದವಿ ಕೈಸೇರಿತು.

ಮುಚ್ಚಿದ ಬಾಗಿಲು

ಮುಂದಿನ ದಾರಿ ಸುಗಮವಾಗಿರಲಿಲ್ಲ. ರಾಚೆಸ್ಟರ್ ನಗರದ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಅಂಗರಚನಾಶಾಸ್ತ್ರವನ್ನು ಬೋಧಿಸಿ, ಅದೇ ಊರಿನ ಸ್ಟ್ರಾಂಗ್ ಸ್ಮಾರಕ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಪ್ರಾಥಮಿಕ ತರಬೇತಿಯನ್ನು ಅವರು ಮುಗಿಸಿದರು. ಶಸ್ತ್ರವೈದ್ಯೆಯಾಗಬೇಕೆಂಬುದು ಅವರ ಹಂಬಲ. ಕೈಚಳಕವಿತ್ತು, ಅಂಗರಚನೆಯ ತಲಸ್ಪರ್ಶಿ ಜ್ಞಾನವಿತ್ತು. ಆದರೆ ಹೆಂಗಸು ಎಂಬ ಒಂದೇ ಕಾರಣಕ್ಕೆ ಮುಂದಿನ ತರಬೇತಿಯ ಸ್ಥಾನ ಅವರಿಗೆ ದೊರೆಯಲಿಲ್ಲ. ಸ್ವಾತಂತ್ರ್ಯ ಸಮಾನತೆಗಳ ನೆಲವೆಂದು ಹೆಸರಾದ ನಾಡಿನಲ್ಲಿಯೂ ವಿದ್ಯೆಗಿಂತ ಲಿಂಗವೇ ದೊಡ್ಡದೆಂದು ಎಣಿಸಲ್ಪಟ್ಟ ಕಾಲ ಅದು.

ಡೊರೊಥಿಯವರು ಮುಚ್ಚಿದ ಬಾಗಿಲ ಮುಂದೆ ಕುಳಿತು ಅಳಲಿಲ್ಲ. 1929ರಲ್ಲಿ ನ್ಯೂಯಾರ್ಕಿಗೆ ಬಂದು ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯ ಕಾಲೇಜಿನ ರೋಗಶಾಸ್ತ್ರ ವಿಭಾಗದಲ್ಲಿ ಸಂಶೋಧನ ಸಹಾಯಕಿಯಾಗಿ ಸೇರಿಕೊಂಡರು, ಮರುವರ್ಷವೇ ಬೋಧಕಿಯಾದರು. ಬೋಧಿಸುತ್ತಲೇ ಅಂತಃಸ್ರಾವ ಗ್ರಂಥಿಗಳಿಗೂ ಪ್ರಾಯಪ್ರಾಪ್ತಿಗೂ ಇರುವ ಸಂಬಂಧವನ್ನು ಶೋಧಿಸಿ 1935ರಲ್ಲಿ ವೈದ್ಯವಿಜ್ಞಾನದ ಡಾಕ್ಟರೇಟ್ ಪದವಿಯನ್ನೂ ಗಳಿಸಿದರು. ಅದೇ ವರ್ಷ ಕೊಲಂಬಿಯಾಕ್ಕೆ ಸೇರಿದ ಬೇಬೀಸ್ ಆಸ್ಪತ್ರೆ ಎಂಬ ಶಿಶುವೈದ್ಯಾಲಯದಲ್ಲಿ ಸಹಾಯಕ ರೋಗಶಾಸ್ತ್ರಜ್ಞೆಯಾಗಿ ನೇಮಕಗೊಂಡರು.

ರೋಗಶಾಸ್ತ್ರಜ್ಞರ ಕೆಲಸ ಹೊರಗಿನವರ ಕಣ್ಣಿಗೆ ಅಷ್ಟೇನೂ ಬೀಳುವುದಲ್ಲ. ಬದುಕಿಸಿದ ವೈದ್ಯನಿಗೆ ಹಾರತುರಾಯಿ. ಬದುಕದೆ ಹೋದ ಕೂಸಿನ ಶವವನ್ನು ಪರೀಕ್ಷಿಸಿ ಕಾರಣವನ್ನು ಬರೆದಿಡುವವರಿಗೆ ನೆಲಮಾಳಿಗೆಯ ಮೌನ. ಆದರೆ ಸತ್ತ ಮಗು ಹೇಳುವ ಸತ್ಯವೇ ಬದುಕಿರುವ ಮಗುವನ್ನು ಉಳಿಸಬಲ್ಲದು. ಮೂವತ್ತನಾಲ್ಕರ ಹರೆಯದ ಆ ವೈದ್ಯೆ ಈ ತಿಳಿವಿನಿಂದ ತಮ್ಮ ಸೂಕ್ಷ್ಮದರ್ಶಕದ ಮುಂದೆ ಕುಳಿತರು.

ಒಂದು ಹೆಸರಿನ ಮರೆಯಲ್ಲಿ ಎರಡು ರೋಗ

ಅಂದಿನ ದಿನಗಳಲ್ಲಿ ಶಿಶುಗಳ ಅಜೀರ್ಣ, ಭೇದಿ, ಕೃಶತೆಗಳು ಒಟ್ಟಾಗಿ ಕಂಡಾಗ ವೈದ್ಯರು ಸೀಲಿಯಾಕ್ ರೋಗ ಎಂಬ ಹೆಸರನ್ನು ಹಚ್ಚುತ್ತಿದ್ದರು. ಗೋದಿಯಲ್ಲಿರುವ ಗ್ಲುಟೆನ್ ಎಂಬ ಅಂಶ ಕೆಲವರ ಕರುಳಿಗೆ ಒಗ್ಗದಿರುವುದೇ ಆ ರೋಗದ ಮೂಲವೆಂದು ಹಾಲೆಂಡಿನ ವೈದ್ಯ ಡಿಕ್ಕೆ ತೋರಿಸಿಕೊಟ್ಟದ್ದು ಅನಂತರ, ಎರಡನೆಯ ಮಹಾಯುದ್ಧದ ಆಚೀಚೆ. ಮೂವತ್ತರ ದಶಕದಲ್ಲಿ ಅದು ಹೆಸರಷ್ಟೇ ಆಗಿತ್ತು, ನಿದಾನವಾಗಿರಲಿಲ್ಲ. ಹೆಸರು ದೊರೆತೊಡನೆ ಅರಿವು ದೊರೆಯಿತೆಂದು ಭ್ರಮಿಸುವುದು ಮನುಷ್ಯಸ್ವಭಾವ.

ಸೀಲಿಯಾಕ್ ರೋಗದಿಂದ ಸತ್ತಿತೆಂದು ದಾಖಲಾದ ಒಂದು ಮಗುವಿನ ಶವವನ್ನು ಡೊರೊಥಿಯವರು ಪರೀಕ್ಷಿಸುತ್ತಿದ್ದಾಗ ಮೇದೋಜೀರಕ ಗ್ರಂಥಿ ಅವರ ಕಣ್ಣನ್ನು ಹಿಡಿದು ನಿಲ್ಲಿಸಿತು. ಜಠರದ ಹಿಂಬದಿಯಲ್ಲಿದ್ದು, ಕೊಬ್ಬು ಮೊದಲಾದುವನ್ನು ಅರಗಿಸುವ ರಸವನ್ನು ಕರುಳಿಗೆ ಹರಿಸುವ ಮೃದುವಾದ ಗ್ರಂಥಿ ಅದು. ಈ ಮಗುವಿನಲ್ಲಿ ಅದು ಗಡುಸಾಗಿತ್ತು. ರಸವಾಹಿನಿಗಳು ಅಂಟಿನಿಂದ ಕಟ್ಟಿಕೊಂಡು ಸಣ್ಣ ಸಣ್ಣ ಚೀಲಗಳಾಗಿ ಉಬ್ಬಿದ್ದವು. ರಸ ಒಸರುವ ಕಣಗಳು ನಶಿಸಿ ಅವುಗಳ ಜಾಗದಲ್ಲಿ ನಾರುನಾರಾದ ಕಲೆ ತುಂಬಿತ್ತು. ಶ್ವಾಸಕೋಶಗಳನ್ನು ನೋಡಿದರೆ ಅಲ್ಲಿಯೂ ಸಣ್ಣ ಗಾಳಿನಾಳಗಳಲ್ಲಿ ಗೋಂದಿನಂತಹ ಕಫ, ಕೀವು. ದಾಖಲೆಯಲ್ಲಿದ್ದ ಹೆಸರಿಗೂ ಕಣ್ಣೆದುರಿನ ಸ್ಥಿತಿಗೂ ಹೊಂದಿಕೆಯಿರಲಿಲ್ಲ.

ಇಂತಹ ಸಂದರ್ಭದಲ್ಲಿ ಅವಸರದವರು ಇದೊಂದು ಅಪವಾದವೆಂದು ಬರೆದು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಡೊರೊಥಿಯವರು ನಿಂತರು. ತಮ್ಮ ಆಸ್ಪತ್ರೆಯ ಹಳೆಯ ಶವಪರೀಕ್ಷಾ ವರದಿಗಳನ್ನು ಒಂದೊಂದಾಗಿ ತೆಗೆದು ಓದಿದರು, ಕಾದಿರಿಸಿದ್ದ ಅಂಗಾಂಶಗಳನ್ನು ಮತ್ತೆ ಪರೀಕ್ಷಿಸಿದರು, ಬೇರೆಡೆಯ ಪ್ರಕರಣಗಳನ್ನೂ ಕಲೆಹಾಕಿದರು. ಹೀಗೆ ಒಟ್ಟುಗೂಡಿದವು 49 ಪ್ರಕರಣಗಳು. ಅವು ಮೂರು ಗುಂಪಾಗಿ ಒಡೆದುಕೊಂಡವು. ಕೆಲವು ಹಸುಳೆಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಕರುಳು ಕಟ್ಟಿ ಸತ್ತಿದ್ದವು. ಕೆಲವು ಆರು ತಿಂಗಳು ತುಂಬುವುದರೊಳಗೆ ಶ್ವಾಸಕೋಶದ ಸೋಂಕಿಗೆ ಬಲಿಯಾಗಿದ್ದವು. ಅದನ್ನೂ ದಾಟಿದವು ಸೀಲಿಯಾಕ್ ರೋಗವೆಂಬ ಹಣೆಪಟ್ಟಿಯಡಿ ಸವೆದು ಕಡೆಗೆ ಕೆಮ್ಮು ಜ್ವರಗಳಿಂದಲೇ ಸತ್ತಿದ್ದವು. ಮೂರು ಬೇರೆ ಬೇರೆ ಮರಣಗಳಂತೆ ತೋರುವ ಇವೆಲ್ಲವೂ ಒಂದೇ ರೋಗದ ಮೂರು ಮುಖಗಳು. ಅದು ಸೀಲಿಯಾಕ್ ರೋಗದಿಂದ ಬೇರೆಯಾದ ಸ್ವತಂತ್ರ ವ್ಯಾಧಿ ಎಂದು ಅವರು ನಿರ್ಣಯಿಸಿದರು. 1938ರಲ್ಲಿ ಅಮೆರಿಕೆಯ ಶಿಶುರೋಗ ಪತ್ರಿಕೆಯಲ್ಲಿ ಈ ದೀರ್ಘ ಪ್ರಬಂಧ ಪ್ರಕಟವಾಯಿತು. ಚೀಲಗಟ್ಟಿ ನಾರಾದ ಮೇದೋಜೀರಕ ಎಂಬರ್ಥದ ಹೆಸರನ್ನು ಅವರು ಆ ವ್ಯಾಧಿಗೆ ಬಳಸಿದರು. ಅದರಿಂದಲೇ ಇಂದಿನ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹೆಸರು ಲೋಕದಲ್ಲಿ ನೆಲೆಗೊಂಡಿತು. ಸ್ವಿಟ್ಜರ್ಲೆಂಡಿನ ಫಾಂಕೋನಿ ಎಂಬ ವೈದ್ಯರು 1936ರಲ್ಲಿಯೇ ಇಂತಹ ಕೆಲವು ಮಕ್ಕಳನ್ನು ಕುರಿತು ಬರೆದಿದ್ದುಂಟು. ಆದರೆ ರೋಗದ ಸಮಗ್ರ ಚಿತ್ರವನ್ನು ಮೊದಲು ಕೊಟ್ಟವರು ಆಂಡರ್ಸನ್ ಅವರೇ.

ನಮ್ಮ ಈ ಸೀಮೆ ಅಂದು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಕೂಡ್ಲಿಗಿಯ ಹಳ್ಳಿಯೊಂದರಲ್ಲಿ ಕೆಮ್ಮಿ ಕೆಮ್ಮಿ ಕಣ್ಮುಚ್ಚಿದ ಕೂಸಿನ ಕಾರಣವನ್ನು ಅಂದು ಯಾರೂ ಬರೆದಿಡಲಿಲ್ಲ. ನ್ಯೂಯಾರ್ಕಿನಲ್ಲಿ ಬರೆದಿಡುವವರೊಬ್ಬರು ಇದ್ದರು ಎಂಬುದಷ್ಟೇ ವ್ಯತ್ಯಾಸ. ಆದರೆ ಆ ವ್ಯತ್ಯಾಸ ಎಷ್ಟು ದೊಡ್ಡದು!

ಶವದಿಂದ ಜೀವದ ಕಡೆಗೆ

ಸತ್ತ ಮೇಲೆ ರೋಗವನ್ನು ಗುರುತಿಸಿದರೆ ತಾಯಿಗೇನು ಸಮಾಧಾನ? ಡೊರೊಥಿಯವರನ್ನು ಈ ಪ್ರಶ್ನೆ ಬಿಡಲಿಲ್ಲ. ರೋಗಶಾಸ್ತ್ರಜ್ಞೆಯಾಗಿ ನೇಮಕವಾಗಿದ್ದವರು ಮಕ್ಕಳ ವೈದ್ಯೆಯೂ ಆದರು. ಬದುಕಿರುವ ಮಗುವಿನ ಸಣ್ಣಕರುಳಿನ ಮೊದಲ ಭಾಗಕ್ಕೆ ತೆಳುವಾದ ನಳಿಕೆಯನ್ನು ಇಳಿಸಿ, ಅಲ್ಲಿಯ ರಸವನ್ನು ತೆಗೆದು, ಅದರಲ್ಲಿ ಮೇದೋಜೀರಕದ ಪಾಚಕ ದ್ರವ್ಯ ಉಂಟೋ ಇಲ್ಲವೋ ಎಂದು ನೋಡುವ ಪರೀಕ್ಷೆಯನ್ನು ನಾಲ್ವತ್ತರ ದಶಕದ ಆರಂಭದಲ್ಲಿ ಅವರು ಬಳಕೆಗೆ ತಂದರು. ಮಗುವಿಗೆ ಕಷ್ಟದ ಪರೀಕ್ಷೆಯೇ ಸರಿ. ಆದರೂ ಜೀವವಿರುವಾಗಲೇ ರೋಗವನ್ನು ಗುರುತಿಸಲು ಅದೊಂದೇ ದಾರಿಯಾಗಿತ್ತು.

ರೋಗ ತಿಳಿದ ಮಕ್ಕಳಿಗೆ ಕೊಬ್ಬು ಕಡಿಮೆಯಾದ, ಪುಷ್ಟಿ ಹೆಚ್ಚಾದ ಆಹಾರ, ಪ್ರಾಣಿಗಳ ಮೇದೋಜೀರಕದಿಂದ ತೆಗೆದ ಪಾಚಕ ಚೂರ್ಣ, ಎ ಜೀವಸತ್ವ ಇವುಗಳನ್ನು ಕೊಟ್ಟು ನೋಡಿದರು. ಶ್ವಾಸನಾಳಗಳ ಕೇಡಿಗೆ ಎ ಜೀವಸತ್ವದ ಕೊರತೆಯೇ ಮುಖ್ಯ ಕಾರಣವಿರಬೇಕೆಂದು ಅವರು ಮೊದಲು ಊಹಿಸಿದ್ದರು. ಆ ಊಹೆ ನಿಲ್ಲಲಿಲ್ಲ. ಕಂಡದ್ದನ್ನು ಕಂಡಂತೆ ಬರೆದಿಟ್ಟಿದ್ದರಿಂದ ಊಹೆ ತಪ್ಪಿದರೂ ಅವರ ದಾಖಲೆ ತಪ್ಪಲಿಲ್ಲ. ಮುಂದಿನವರು ಅದರ ಮೇಲೆಯೇ ಕಟ್ಟಿದರು.

ಸಲ್ಫಾ ಔಷಧಗಳೂ ಅನಂತರ ಪೆನಿಸಿಲಿನ್ನೂ ಬಂದಾಗ ಶ್ವಾಸಕೋಶದ ಸೋಂಕಿಗೆ ಎದುರು ನಿಲ್ಲುವ ಶಕ್ತಿ ದೊರೆಯಿತು. ಪೆನಿಸಿಲಿನ್ನನ್ನು ತುಂತುರು ಮಾಡಿ ಮಗು ಉಸಿರಿನೊಡನೆ ಒಳಗೆಳೆದುಕೊಳ್ಳುವಂತೆ ಮಾಡುವ ವಿಧಾನವನ್ನು ಡೊರೊಥಿಯವರೂ ಅವರ ತರುಣ ಸಹೋದ್ಯೋಗಿ ಪಾಲ್ ಡಿ ಸಾಂಟ್ ಆನ್ಯೇಸೆ ಅವರೂ ಪ್ರಯೋಗಿಸಿ 1946ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಔಷಧಿಯನ್ನು ರೋಗವಿರುವ ಗಾಳಿನಾಳಕ್ಕೇ ನೇರವಾಗಿ ತಲುಪಿಸುವ ಈ ಉಪಾಯ ಇಂದು ಉಬ್ಬಸದ ಮಕ್ಕಳಿಗೆ ಕೊಡುವ ಹಬೆಯಂತಹ ಔಷಧಿಯ ಬಂಧುವೇ ಸರಿ.

ಅದೇ ವರ್ಷ ಇನ್ನೊಂದು ಪ್ರಬಂಧದಲ್ಲಿ ರೋಗಿಗಳ ಮನೆತನಗಳನ್ನು ಪರಿಶೀಲಿಸಿ, ಇದು ತಂದೆತಾಯಿಗಳಿಂದ ಬರುವ ವಂಶದ ದೋಷವೆಂದು ಅವರು ತೋರಿಸಿದರು. ತಂದೆ ಆರೋಗ್ಯವಂತ, ತಾಯಿ ಆರೋಗ್ಯವಂತೆ. ಆದರೆ ಇಬ್ಬರಲ್ಲಿಯೂ ದೋಷದ ಒಂದೊಂದು ಪ್ರತಿ ಗುಪ್ತವಾಗಿರುತ್ತದೆ. ಅಂತಹ ದಂಪತಿಗಳ ಪ್ರತಿಯೊಂದು ಮಗುವಿಗೂ ಎರಡೂ ಕಡೆಯ ದೋಷ ಬಂದು ರೋಗ ತಲೆದೋರುವ ಸಂಭವ ನಾಲ್ಕರಲ್ಲಿ ಒಂದು. ಯಾರ ಪಾಪವೂ ಅಲ್ಲ, ಯಾರ ಶಾಪವೂ ಅಲ್ಲ. ಕೂಸು ಸತ್ತಾಗಲೆಲ್ಲ ಹೆತ್ತವಳ ಕಡೆ ಬೆರಳು ತೋರುವ ಲೋಕಕ್ಕೆ ಈ ಲೆಕ್ಕ ಒಂದು ದೊಡ್ಡ ಪಾಠ.

ಬೆವರು ಹೇಳಿದ ಗುಟ್ಟು

1948ರ ಆಗಸ್ಟ್ ತಿಂಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ತಡೆಯಲಾಗದ ಸೆಕೆ ಬಿದ್ದಿತು. ಬಿಸಿಲಿನ ಬೇಗೆಗೆ ಕುಸಿದುಬಿದ್ದ ಮಕ್ಕಳನ್ನು ಆಸ್ಪತ್ರೆಗೆ ತರುತ್ತಿದ್ದರು. ಹೀಗೆ ಬಂದವರಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಇದ್ದ ಮಕ್ಕಳ ಪಾಲು ಲೆಕ್ಕಕ್ಕೆ ಮೀರಿ ಹೆಚ್ಚಾಗಿತ್ತು. ಡೊರೊಥಿಯವರೂ ವಾಲ್ಟರ್ ಕೆಸ್ಲರ್ ಎಂಬ ವೈದ್ಯರೂ ಇದನ್ನು ಗಮನಿಸಿ 1951ರಲ್ಲಿ ಪ್ರಕಟಿಸಿದರು. ಮೇದೋಜೀರಕದ ರೋಗಕ್ಕೂ ಬಿಸಿಲಿಗೂ ಏನು ಸಂಬಂಧ? ಈ ಪ್ರಶ್ನೆಯನ್ನು ಹಿಡಿದು ಹೊರಟ ಡಿ ಸಾಂಟ್ ಆನ್ಯೇಸೆ 1953ರಲ್ಲಿ ಉತ್ತರವನ್ನು ಕಂಡರು. ಈ ಮಕ್ಕಳ ಬೆವರಿನಲ್ಲಿ ಉಪ್ಪು ಇತರ ಮಕ್ಕಳ ಬೆವರಿಗಿಂತ ಬಹುಪಾಲು ಹೆಚ್ಚು. ಬೇಸಿಗೆಯಲ್ಲಿ ಬೆವರಿದಂತೆ ಮೈಯ ಉಪ್ಪೆಲ್ಲ ಸೋರಿಹೋಗುತ್ತದೆ.

ಇದರಿಂದ ನಳಿಕೆ ಇಳಿಸುವ ಕಷ್ಟ ತಪ್ಪಿತು. ಬೆವರನ್ನು ಅಳೆದರೆ ಸಾಕು, ರೋಗ ತಿಳಿಯುತ್ತದೆ. 1959ರಲ್ಲಿ ಗಿಬ್ಸನ್ ಮತ್ತು ಕುಕ್ ಎಂಬಿಬ್ಬರು ನೋವಿಲ್ಲದೆ ಬೆವರು ತರಿಸುವ ಕ್ರಮವನ್ನು ರೂಪಿಸಿದರು. ಇಂದಿಗೂ ರೋಗನಿರ್ಣಯಕ್ಕೆ ಅದೇ ಆಧಾರ. ಮುದ್ದಿಟ್ಟಾಗ ಹಣೆ ಉಪ್ಪೆನಿಸುವ ಕೂಸು ಬಹುಕಾಲ ಬಾಳದು ಎಂಬ ನಂಬಿಕೆ ಯುರೋಪಿನ ಹಳ್ಳಿಗರಲ್ಲಿ ಶತಮಾನಗಳಿಂದ ಇತ್ತು. ಅಜ್ಜಿಯರು ಅದನ್ನು ಮಾಟವೆಂದು ತಿಳಿದರು. ಪಂಡಿತರು ಮೂಢನಂಬಿಕೆಯೆಂದು ನಕ್ಕರು. ಕಂಡದ್ದು ಸತ್ಯ, ಕೊಟ್ಟ ಕಾರಣ ಸುಳ್ಳು. ಜನಪದರ ಮಾತನ್ನು ಕಣ್ಣುಮುಚ್ಚಿ ನಂಬುವುದೂ ಸಲ್ಲದು, ಕಿವಿಮುಚ್ಚಿ ತಳ್ಳುವುದೂ ಸಲ್ಲದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಹೃದಯದ ಗುರು

ಡೊರೊಥಿಯವರ ಆಸಕ್ತಿ ಒಂದೇ ರೋಗಕ್ಕೆ ಸೀಮಿತವಾಗಿರಲಿಲ್ಲ. ಹುಟ್ಟಿನಿಂದಲೇ ದೋಷವಿದ್ದ ಶಿಶುಹೃದಯಗಳನ್ನು ಅವರು ಬಹಳ ಮೊದಲಿನಿಂದಲೂ ಸಂಗ್ರಹಿಸಿಟ್ಟಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೃದಯವನ್ನು ತೆರೆದು ಸರಿಪಡಿಸುವ ಸಾಹಸಕ್ಕೆ ಶಸ್ತ್ರವೈದ್ಯರು ಕೈಯಿಟ್ಟಾಗ, ಗರ್ಭದಲ್ಲಿ ಹೃದಯ ಹೇಗೆ ರೂಪುಗೊಳ್ಳುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ಹೇಳಿಕೊಡಬಲ್ಲವರು ಬೇಕಾದರು. ಆಗ ಅವರು ಬಂದದ್ದು ಡೊರೊಥಿಯವರ ಬಳಿಗೆ. ಹೆಂಗಸೆಂಬ ಕಾರಣಕ್ಕೆ ಶಸ್ತ್ರವೈದ್ಯರ ಪಂಕ್ತಿಯಿಂದ ಹೊರಗುಳಿದವರ ಎದುರಿನಲ್ಲಿ ಶಸ್ತ್ರವೈದ್ಯರೇ ಶಿಷ್ಯರಾಗಿ ಕುಳಿತರು. ಕಾಲಪುರುಷನ ನ್ಯಾಯ ವಿಳಂಬವಾದರೂ ಕೆಲವೊಮ್ಮೆ ಚೊಕ್ಕವಾಗಿರುತ್ತದೆ.

ಯಕೃತ್ತನ್ನು ಕೆಡಿಸುವ ಇನ್ನೊಂದು ಅಪರೂಪದ ಶಿಶುರೋಗವನ್ನು 1956ರಲ್ಲಿ ಅವರು ವರ್ಣಿಸಿದರು. ಅದು ಇಂದಿಗೂ ಆಂಡರ್ಸನ್ ರೋಗವೆಂದೇ ಹೆಸರಾಗಿದೆ. 1952ರಲ್ಲಿ ಬೇಬೀಸ್ ಆಸ್ಪತ್ರೆಯ ರೋಗಶಾಸ್ತ್ರ ವಿಭಾಗದ ಮುಖ್ಯಸ್ಥೆಯಾದರು. ಪೂರ್ಣ ಪ್ರಾಧ್ಯಾಪಕ ಪದವಿ ಬಂದದ್ದು 1958ರಲ್ಲಿ, ಜಗತ್ಪ್ರಸಿದ್ಧ ಪ್ರಬಂಧ ಪ್ರಕಟವಾಗಿ ಇಪ್ಪತ್ತು ವರ್ಷಗಳು ಕಳೆದ ಮೇಲೆ.

ವ್ಯಕ್ತಿತ್ವ ಮತ್ತು ಅಂತ್ಯ

ಅವರು ಅವಿವಾಹಿತೆಯಾಗಿಯೇ ಉಳಿದರು. ಉಡುಗೆತೊಡುಗೆಗಳ ಕಡೆ ಲಕ್ಷ್ಯವಿರಲಿಲ್ಲ, ಮಾತು ನೇರ, ಪ್ರಯೋಗಶಾಲೆ ಅಸ್ತವ್ಯಸ್ತ. ಹೆಣ್ಣಿಗೆ ಒಪ್ಪುವ ನಡೆಯಲ್ಲವೆಂದು ಆಡಿಕೊಂಡವರಿದ್ದರು. ಗಂಡಸೊಬ್ಬನಲ್ಲಿ ಇದೇ ಗುಣಗಳಿದ್ದರೆ ಜ್ಞಾನಿಯ ಅನ್ಯಮನಸ್ಕತೆಯೆಂದು ಹೊಗಳುತ್ತಿದ್ದರೋ ಏನೋ! ಬಿಡುವು ದೊರೆತಾಗ ನ್ಯೂಜರ್ಸಿಯ ಬೆಟ್ಟಸೀಮೆಯಲ್ಲಿದ್ದ ತಮ್ಮ ತೋಟದ ಮನೆಗೆ ಹೋಗುತ್ತಿದ್ದರು. ಬಡಗಿಯ ಕೆಲಸ, ಗಾರೆಯ ಕೆಲಸ ಎಲ್ಲವೂ ಅವರ ಕೈಯದೇ. ಮಿತ್ರರನ್ನು ಕರೆದು ಆದರಿಸುವುದು, ಬೆಟ್ಟ ಹತ್ತುವುದು, ದೋಣಿ ನಡೆಸುವುದು ಅವರಿಗೆ ಪ್ರಿಯ. ಮೈಮುರಿದು ದುಡಿಯುವುದನ್ನು ಕೀಳೆಂದು ಬಗೆಯದ ಈ ಸ್ವಭಾವ ಕಾಯಕವನ್ನು ಗೌರವಿಸುವ ನಾಡಿನವರಾದ ನಮಗೆ ಮೆಚ್ಚಾಗಬೇಕಾದುದೇ.

ಒಂದು ಮಾತನ್ನು ಮರೆಮಾಚಬಾರದು. ಅವರು ಬಹಳವಾಗಿ ಸಿಗರೇಟು ಸೇದುತ್ತಿದ್ದರು. ಸಾವಿರಾರು ಮಕ್ಕಳ ಉಸಿರಿಗಾಗಿ ಹಗಲಿರುಳು ದುಡಿದವರ ಉಸಿರನ್ನು ಶ್ವಾಸಕೋಶದ ಕ್ಯಾನ್ಸರು ಕಸಿದುಕೊಂಡಿತು. 1963ನೆಯ ಮಾರ್ಚ್ 3ರಂದು ನ್ಯೂಯಾರ್ಕಿನಲ್ಲಿ, ಅರವತ್ತೊಂದರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಧೂಮಪಾನದಿಂದ ಈ ಕ್ಯಾನ್ಸರು ಬರುತ್ತದೆಂದು ಅಮೆರಿಕೆಯ ಸರಕಾರ ಅಧಿಕೃತವಾಗಿ ಸಾರಿದ್ದು ಮರುವರ್ಷ, 1964ರ ಜನವರಿಯಲ್ಲಿ. ದೊಡ್ಡವರ ಚರಿತ್ರೆಯನ್ನು ಬರೆಯುವಾಗ ಇಂತಹ ಸಂಗತಿಗಳನ್ನು ಬಿಟ್ಟುಬಿಡುವ ಪದ್ಧತಿ ನಮ್ಮಲ್ಲುಂಟು. ಆದರೆ ನಮ್ಮ ಹೊಲಗಳ ಬದುವಿನಲ್ಲಿ, ಬಸ್ಸು ನಿಲ್ದಾಣಗಳ ಕಟ್ಟೆಯ ಮೇಲೆ ಬೀಡಿ ಹಚ್ಚುವ ತರುಣರನ್ನು ಕಂಡಾಗ, ಅವರ ಸಾಧನೆಯಷ್ಟೇ ಅವರ ಸಾವೂ ಪಾಠವಾಗಲೆಂದು ಅನಿಸುತ್ತದೆ.

ಅಳಿದ ಮೇಲೆ ಉಳಿದದ್ದು

ಅವರು ತೋರಿದ ಜಾಡಿನಲ್ಲಿ ಸಾಗಿದವರು 1989ರಲ್ಲಿ ರೋಗದ ಬೇರನ್ನೇ ಮುಟ್ಟಿದರು. ಕೆನಡಾದ ಲಾಪ್-ಚೀ ತ್ಸುಯಿ, ಜಾನ್ ರಿಯರ್ಡನ್, ಅಮೆರಿಕೆಯ ಫ್ರಾನ್ಸಿಸ್ ಕಾಲಿನ್ಸ್ ಮತ್ತು ಸಂಗಡಿಗರು ದೋಷವುಳ್ಳ ವಂಶವಾಹಿಯನ್ನು ಏಳನೆಯ ವರ್ಣತಂತುವಿನಲ್ಲಿ ಗುರುತಿಸಿದರು. ಜೀವಕೋಶದ ಗೋಡೆಯಲ್ಲಿ ಉಪ್ಪಿನ ಅಂಶವನ್ನು ಒಳಹೊರಗೆ ಬಿಡುವ ಒಂದು ಬಾಗಿಲು ಆ ವಂಶವಾಹಿಯ ಅಪ್ಪಣೆಯಂತೆ ರೂಪುಗೊಳ್ಳುತ್ತದೆ. ಆ ಬಾಗಿಲು 1480 ಅಮಿನೋ ಆಮ್ಲಗಳ ಒಂದು ಸರಪಣಿ. ಅತಿ ಸಾಮಾನ್ಯವಾದ ದೋಷದಲ್ಲಿ 508ನೆಯ ಒಂದು ಕೊಂಡಿ ಮಾತ್ರ ಬಿಟ್ಟುಹೋಗಿರುತ್ತದೆ. ಓಲೆಗರಿಯ ಪ್ರತಿ ಮಾಡುವ ಲಿಪಿಕಾರ ಒಂದೇ ಅಕ್ಷರವನ್ನು ಬಿಟ್ಟರೆ ಪದ್ಯದ ಛಂದಸ್ಸು ಕೆಟ್ಟು ಅರ್ಥವೇ ತಿರುಗುವುದುಂಟಲ್ಲವೆ? ದೇಹದ ಗ್ರಂಥದಲ್ಲಿಯೂ ಹಾಗೆಯೇ. ಬಾಗಿಲು ಕೆಟ್ಟಿತೆಂದರೆ ಬೆವರಿನಲ್ಲಿ ಉಪ್ಪು ಉಳಿಯುತ್ತದೆ. ಶ್ವಾಸನಾಳದ ಲೋಳೆ ನೀರಾಗದೆ ಗಟ್ಟಿಯಾಗುತ್ತದೆ. ರೋಗಾಣುಗಳು ಅದರಲ್ಲಿ ಬೀಡುಬಿಡುತ್ತವೆ. ಮೇದೋಜೀರಕದ ನಾಳ ಕಟ್ಟಿಕೊಳ್ಳುತ್ತದೆ. ಆಂಡರ್ಸನ್ ಅವರು ಕಂಡ ಮೂರು ಮುಖಗಳಿಗೂ ಮೂಲ ಒಂದೇ ಎಂಬುದು ಹೀಗೆ ಸಿದ್ಧವಾಯಿತು.

ಕೆಟ್ಟ ಬಾಗಿಲನ್ನೇ ಸರಿಪಡಿಸುವ ಔಷಧಗಳು 2012ರಿಂದೀಚೆಗೆ ಬಂದಿವೆ. 2019ರಲ್ಲಿ ಬಂದ ಮೂರು ಔಷಧಗಳ ಮಿಶ್ರಣವು ಬಹುಪಾಲು ರೋಗಿಗಳಿಗೆ ಒದಗುವಂಥದು. ಮೂವತ್ತರ ದಶಕದಲ್ಲಿ ಒಂದೆರಡು ಹುಟ್ಟುಹಬ್ಬಗಳನ್ನು ಕಾಣದೆ ಹೋಗುತ್ತಿದ್ದ ರೋಗಿಗಳು, ಅನುಕೂಲವುಳ್ಳ ದೇಶಗಳಲ್ಲಿ ಇಂದು ಓದಿ, ಉದ್ಯೋಗ ಹಿಡಿದು, ನಡುವಯಸ್ಸನ್ನೂ ದಾಟುತ್ತಿದ್ದಾರೆ. ಆದರೆ ಆ ಔಷಧಗಳ ಬೆಲೆ ಬಡವರ ಕೈಗೆ ಎಟುಕುವಂಥದಲ್ಲ.

ನಮ್ಮ ನಾಡಿಗೆ ಸಂಬಂಧಿಸಿದ ಸಂಗತಿಯೊಂದನ್ನು ಹೇಳಿ ಮುಗಿಸುತ್ತೇನೆ. ಈ ರೋಗ ಬಿಳಿಯರಿಗೆ ಮಾತ್ರ ಬರುವುದು, ಭಾರತದಲ್ಲಿ ಇಲ್ಲವೆಂದು ಬಹುಕಾಲ ನಂಬಲಾಗಿತ್ತು. ಅರುವತ್ತರ ದಶಕದ ಕೊನೆಯಲ್ಲಿ ನಮ್ಮ ದೇಶದ ವೈದ್ಯರು ಮೊದಲ ಪ್ರಕರಣಗಳನ್ನು ವರದಿ ಮಾಡಿದರು. ಅನಂತರ ಹುಡುಕಿದಂತೆಲ್ಲ ರೋಗಿಗಳು ಕಾಣಿಸಿಕೊಂಡರು. ಯುರೋಪಿಯನ್ನರಲ್ಲಿರುವಷ್ಟು ಹೆಚ್ಚಲ್ಲ ನಿಜ, ಆದರೆ ಇಲ್ಲವೆಂಬುದು ಸುಳ್ಳು. ಇಲ್ಲವೆಂದು ನಂಬಿ ಹುಡುಕದಿದ್ದರೆ ಕಾಣುವುದಾದರೂ ಹೇಗೆ? ಸೀಲಿಯಾಕ್ ಎಂಬ ಹೆಸರು ಅಲ್ಲಿ ಮಾಡಿದ್ದನ್ನು ಇಲ್ಲಿ ಕ್ಷಯ, ಉಬ್ಬಸ, ಅಪೌಷ್ಟಿಕತೆ ಎಂಬ ಹೆಸರುಗಳು ಮಾಡಿದವು. ಬೆವರಿನ ಪರೀಕ್ಷೆ ಇಂದಿಗೂ ನಮ್ಮಲ್ಲಿ ದೊಡ್ಡ ಆಸ್ಪತ್ರೆಗಳನ್ನು ಬಿಟ್ಟರೆ ಸುಲಭವಾಗಿ ದೊರೆಯುವುದಿಲ್ಲ.

ನಮ್ಮ ಸೀಮೆಯಲ್ಲಿ ಅಕ್ಕನ ಮಗಳನ್ನು, ಸೋದರತ್ತೆ ಸೋದರಮಾವಂದಿರ ಮಕ್ಕಳನ್ನು ತಂದುಕೊಳ್ಳುವ ರೂಢಿ ಹಳೆಯದು. ಆಸ್ತಿ ಉಳಿಯುತ್ತದೆ, ನಂಟು ಬಿಗಿಯುತ್ತದೆ ಎಂಬುದು ಹಿರಿಯರ ಎಣಿಕೆ. ಆದರೆ ಒಂದೇ ರಕ್ತದವರಲ್ಲಿ ಒಂದೇ ಗುಪ್ತದೋಷ ಇರುವ ಸಂಭವ ಹೆಚ್ಚು. ಅಂಥವರು ಸತಿಪತಿಗಳಾದಾಗ ಮೇಲೆ ಹೇಳಿದ ನಾಲ್ಕರಲ್ಲೊಂದರ ಲೆಕ್ಕ ಮನೆಯ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಇದು ಈ ಒಂದು ರೋಗಕ್ಕಷ್ಟೇ ಅಲ್ಲ, ಇಂತಹ ನೂರಾರು ರೋಗಗಳಿಗೆ ಅನ್ವಯಿಸುವ ಮಾತು. ಒಂದೇ ಮನೆತನದಲ್ಲಿ ಎರಡು ಕೂಸುಗಳು ಒಂದೇ ಬಗೆಯಾಗಿ ಸತ್ತಿದ್ದರೆ ವೈದ್ಯರ ಸಲಹೆ ಪಡೆಯದೆ ಮತ್ತೆ ಅದೇ ಬಳ್ಳಿಯನ್ನು ಅದೇ ಚಪ್ಪರಕ್ಕೆ ಹಬ್ಬಿಸಬಾರದು.

ಅಧ್ಯಾಪಕ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ. ವರ್ಷವೆಲ್ಲ ಕೆಮ್ಮುವ, ಉಂಡರೂ ಬೆಳೆಯದ, ಬೇಸಿಗೆಯ ಬಿಸಿಲಿಗೆ ಪದೇಪದೇ ಕುಸಿಯುವ ಮಗು ತರಗತಿಯಲ್ಲಿದ್ದರೆ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗೆರೆ ಎಳೆದು ಸುಮ್ಮನಾಗಬೇಡಿ. ತಂದೆತಾಯಿಗಳಿಗೆ ತಿಳಿಹೇಳಿ ದೊಡ್ಡ ಆಸ್ಪತ್ರೆಗೆ ಕಳುಹಿಸಿ. ದಾನಿಗಳಲ್ಲಿ ಬಿನ್ನಹ: ಕಟ್ಟಡದ ಕಲ್ಲಿನ ಮೇಲೆ ಹೆಸರು ಕೆತ್ತಿಸುವುದರ ಜೊತೆಗೆ ಅಂಥ ಒಂದು ಮಗುವಿನ ಪ್ರಯಾಣದ ಖರ್ಚನ್ನೂ ಪರೀಕ್ಷೆಯ ಖರ್ಚನ್ನೂ ವಹಿಸಿಕೊಳ್ಳಿ. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ಅನೇಕರುಂಟು. ಅವರು ದಾಖಲೆಯಲ್ಲಿರುವ ಹೆಸರಿಗಿಂತ ಕಣ್ಣೆದುರಿಗಿರುವ ಕೂಸನ್ನು ಹೆಚ್ಚು ನಂಬಲಿ. ವೈದ್ಯೆಯಾಗುತ್ತೇನೆನ್ನುವ ಹಳ್ಳಿಯ ಹೆಣ್ಣುಮಗಳ ಮುಂದೆ ಯಾವ ಬಾಗಿಲೂ ಮುಚ್ಚದಿರಲಿ.

ತಂದೆತಾಯಿಗಳನ್ನು ಎಳವೆಯಲ್ಲಿಯೇ ಕಳೆದುಕೊಂಡು, ಮಕ್ಕಳಿಲ್ಲದೆಯೂ ಲೋಕದ ಮಕ್ಕಳಿಗೆ ತಾಯಿಯಾಗಿ ಬಾಳಿದ ಡಾ. ಡೊರೊಥಿ ಆಂಡರ್ಸನ್ ಅವರು ಅಳಿದು ಅರುವತ್ತು ವರ್ಷಗಳ ಮೇಲಾಯಿತು. ಅವರು ನಿಧಾನವಾಗಿ ನೋಡಿದರು, ನಿದಾನವನ್ನು ಕಂಡರು. ನೆಲದಡಿಯ ಹೊನ್ನಿಗಿಂತ ಮಿಗಿಲಾದ ಆ ನಿಧಾನ ಇಂದು ಅದೆಷ್ಟೋ ಮನೆಗಳಲ್ಲಿ ಕೂಸುಗಳ ಉಸಿರಾಗಿ ಆಡುತ್ತಿದೆ. ಆ ಚೇತನಕ್ಕೆ ನಮ್ಮೆಲ್ಲರ ಶರಣು.